ದಬ್ಬಳದ ಉಳಿ, ಗರಗಸದ ರಂಪಿಗೆ: ಆರು ವರ್ಷ ಬಳಸಿದ ಮೇಲೆ

ಗೋಣಿಚೀಲ ಹೊಲಿಯುವ ದಬ್ಬಳವೊಂದನ್ನು 2019ರಲ್ಲಿ ಧಾರವಾಡದ ಸಂತೆಯಲ್ಲಿ 10 ರೂಪಾಯಿಗೆ ಕೊಂಡಿದ್ದೆ. ಚರ್ಮದ ಬೆಲ್ಟು, ಪರ್ಸು, ಚೀಲ ಏನೇ ಹೊಲಿಯಲಿ, ತೂತು ಚುಚ್ಚುವ ನನ್ನ ಮುಖ್ಯ ಉಳಿ ಇಂದಿಗೂ ಅದೇ. ಅದರ ಮೊನೆಯನ್ನು ಸಾಣೆಕಲ್ಲಿನ ಮೇಲೆ ತಿಕ್ಕಿ ಇಸ್ಪೀಟಿನ ಡೈಮಂಡ್ ಆಕಾರದ ನಾಲ್ಕು ಮುಖ ತರುವುದಕ್ಕೆ ಎರಡು ಸಂಜೆ ಹಿಡಿದವು. ದುಂಡು ಮೊನೆ ಚುಚ್ಚಿದ ತೂತು ಬಾಯಿ ತೆರೆದುಕೊಂಡೇ ಇರುತ್ತದೆ. ನಾಲ್ಕು ಮುಖದ ಮೊನೆ ಸಣ್ಣ ಸೀಳು ಬಿಡುತ್ತದೆ; ಜೇನುಮೇಣ ಸವರಿದ ದಾರವನ್ನು ಎಳೆದ ಕೂಡಲೇ ಚರ್ಮ ಅದನ್ನು ಕಚ್ಚಿ ಹಿಡಿಯುತ್ತದೆ, ಹೊಲಿಗೆ ಒಂದೇ ಓರೆಯಲ್ಲಿ ಸಾಲಾಗಿ ಕೂರುತ್ತದೆ.

ಹಿಡಿಗೆ ಬಳಸಿದ್ದು ಹಿತ್ತಲಿನ ಪೇರಲ ಕೊಂಬೆ. ಹಸಿಯಾಗಿದ್ದಾಗಲೇ ಕೆತ್ತಿದ ಮೊದಲ ಹಿಡಿ ಬೇಸಿಗೆಯಲ್ಲಿ ಸೀಳಿತು. ನೆರಳಿನಲ್ಲಿ ಐದು ತಿಂಗಳು ಒಣಗಿಸಿ ಮಾಡಿದ ಎರಡನೆಯದು ಗಟ್ಟಿಯಾಗಿದೆ. ಅದರ ಒಂದು ಬದಿಯನ್ನು ಚಪ್ಪಟೆಯಾಗಿ ಕೆತ್ತಿದ್ದೇನೆ. ಹೆಬ್ಬೆರಳು ಆ ಚಪ್ಪಟೆಗೆ ತಾಗಿದರೆ ಸಾಕು, ಮೊನೆ ಯಾವ ಓರೆಯಲ್ಲಿ ನಿಂತಿದೆ ಎಂದು ಕಣ್ಣಿನಿಂದ ನೋಡಬೇಕಾಗಿಲ್ಲ. ಕೊಂಡು ತಂದ ಉಳಿಗಳ ದುಂಡು ಹಿಡಿಯಲ್ಲಿ ನನಗೆ ಈ ಅನುಕೂಲ ಸಿಕ್ಕಿರಲಿಲ್ಲ. ವಚನಗಳಲ್ಲಿ ಬರುವ ‘ಕೈಯುಳಿ’ ಎಂಬ ಪದ ಎಷ್ಟು ಸರಿಯಾದದ್ದು ಎಂದು ಇದನ್ನು ಹಿಡಿದಾಗಲೆಲ್ಲ ಅನ್ನಿಸುತ್ತದೆ.

ಆದರೂ ಮೊದಲ ವರ್ಷ ಚುಚ್ಚುವಾಗ ಮಣಿಕಟ್ಟು ನೋಯುತ್ತಿತ್ತು. ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿಗೆ ತೋರಿಸಿದೆ. ಒಂದು ತುಂಡಿಗೆ ಚುಚ್ಚಿ ನೋಡಿ, “ತಮ್ಮಾ, ಮೊನೆ ಚೂಪಿದೆ, ಮೈ ಒರಟಿದೆ” ಎಂದರು. ಹಲಗೆಗೆ ಅಂಟಿಸಿದ ಚರ್ಮದ ಪಟ್ಟಿಗೆ ಲೋಹ ಹೊಳೆಸುವ ಹಸಿರು ಪಾಲಿಶ್ ಬಳಿದು, ನಾಲ್ಕೂ ಮುಖಗಳನ್ನು ಹೊಳೆಯುವವರೆಗೆ ಉಜ್ಜಿದೆ. ನೋವು ನಿಂತಿತು. ಈಗ ಕೆಲಸಕ್ಕೆ ಕೂರುವ ಮುನ್ನ ಪ್ರತಿ ಸಲವೂ ಹತ್ತು ಬಾರಿ ಉಜ್ಜುತ್ತೇನೆ.

ಚರ್ಮದ ಅಂಚನ್ನು ತೆಳುವಾಗಿ ಹೆರೆಯುವ ರಂಪಿಗೆ ಇಷ್ಟು ಸುಲಭವಾಗಿ ಒಲಿಯಲಿಲ್ಲ. ಕೈಗರಗಸದ ಹಳೆಯ ಬ್ಲೇಡನ್ನು ಗ್ರೈಂಡರಿಗೆ ಹಿಡಿದೆ. ಅಂಚು ನೀಲಿಗೆ ತಿರುಗಿತು. ಆ ನೀಲಿ ಬಂತೆಂದರೆ ಸಾಧಾರಣ ಇಂಗಾಲದ ಉಕ್ಕಿನ ಹದ ಹೋಯಿತೆಂದೇ ಅರ್ಥ, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಎರಡು ಬಗೆಯ ಉಕ್ಕು ಬೆಸೆದ ಬ್ಲೇಡಂತೂ ಬೇಡವೇ ಬೇಡ, ಅದರಲ್ಲಿ ಗಡಸು ಇರುವುದು ಹಲ್ಲುಗಳಲ್ಲಿ ಮಾತ್ರ. ಕೊನೆಗೆ ಕೈಹಿಡಿದದ್ದು ವರ್ಕ್‌ಶಾಪಿನಲ್ಲಿ ಮುರಿದು ಬಿದ್ದಿದ್ದ ಪವರ್ ಹ್ಯಾಕ್ಸಾ (ಲೋಹ ಕೊಯ್ಯುವ ಯಂತ್ರಗರಗಸ) ಬ್ಲೇಡ್. ಅದು ಹೈಸ್ಪೀಡ್ ಸ್ಟೀಲ್, ದಪ್ಪವಾಗಿದ್ದು ಬಾಗುವುದಿಲ್ಲ, ಗ್ರೈಂಡರಿನ ಬಿಸಿಯನ್ನೂ ತಡೆಯುತ್ತದೆ. ಒಂದೇ ಬದಿಗೆ ಸುಮಾರು 20 ಡಿಗ್ರಿ ಇಳಿಜಾರು ಕೊಟ್ಟು, ಹಿಡಿಯುವ ಕಡೆ ಚರ್ಮ ಸುತ್ತಿದ್ದೇನೆ. ಕೆಳಗೆ ಗ್ರಾನೈಟ್ ತುಂಡು ಇಟ್ಟುಕೊಂಡರೆ 2 ಮಿಲಿಮೀಟರ್ ಚರ್ಮದ ಅಂಚು ಕಾಗದದಷ್ಟು ತೆಳುವಾಗುತ್ತದೆ. ಒಂದೇ ತೊಂದರೆಯೆಂದರೆ, ಈ ಉಕ್ಕು ಮೊಂಡಾದರೆ ಮತ್ತೆ ಮಸೆಯಲು ಬಹಳ ಹೊತ್ತು ಬೇಕು.

ಹೊಲಿಗೆಯ ಗೆರೆ ಎಳೆಯಲು ಮಗಳ ಜಾಮೆಟ್ರಿ ಪೆಟ್ಟಿಗೆಯ ವಿಭಾಜಕವೇ ಸಾಕಾಗಿದೆ. ಅದರ ಮೊನೆಗಳನ್ನು ಮೊದಲು ಮೊಂಡು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಚರ್ಮ ಗೀರುತ್ತದೆ.

ಅಂಚು ಉಜ್ಜುವ ಗೂಟವನ್ನು ಬೀಟೆಮರದ ಚೂರಿನಿಂದ ಮಾಡಿದೆ; ದುಂಡು ಅರದಿಂದ ಕೊರೆದ ಮೂರು ತೋಡುಗಳಿವೆ. ಇಂಥ ಗೂಟದಿಂದ ಅಂಚು ಹೊಳೆಯುವುದಿಲ್ಲ ಎಂದು ಬೇಸರಪಟ್ಟುಕೊಳ್ಳುವವರು ಬಹುಶಃ ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಿಂದ ಹದಮಾಡಿದ, ಚರ್ಮ ಬಳಸಿರಬೇಕು. ಅದು ಎಷ್ಟು ಉಜ್ಜಿದರೂ ನಾರುನಾರಾಗಿಯೇ ಉಳಿಯುತ್ತದೆ. ಅಳಲೆಕಾಯಿ, ತಂಗಡಿ ತೊಗಟೆಯಂಥ ಸಸ್ಯಮೂಲದಿಂದ ಹದಮಾಡಿದ ಚರ್ಮಕ್ಕೆ ನೀರು ಸವರಿ ಉಜ್ಜಿ ನೋಡಿ, ಎರಡು ನಿಮಿಷದಲ್ಲಿ ಅಂಚು ಕಲ್ಲಿನಂತೆ ಹೊಳೆಯುತ್ತದೆ.

ಪೂರ್ತಿ ಸೋತದ್ದು ತೂತು ಹಾಕುವ ಪಂಚ್. ಮೆದು ಕಬ್ಬಿಣದ ಕೊಳವೆಯ ಬಾಯನ್ನು ಹರಿತಗೊಳಿಸಿದ್ದೆ. ನಾಲ್ಕನೆಯ ಬೆಲ್ಟಿಗೇ ಬಾಯಿ ಮಡಚಿಕೊಂಡು, ತೂತಿನ ಸುತ್ತ ಎಳೆ ಎಳೆಯಾಗಿ ಬಿಟ್ಟಿತು. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೂ ಪ್ರಯೋಜನವಾಗಲಿಲ್ಲ, ಇಂಗಾಲ ಕಡಿಮೆಯಿರುವ ಕಬ್ಬಿಣ ಹಾಗೆ ಗಡಸಾಗುವುದಿಲ್ಲ. ಬೆಲ್ಟ್ ಕೊಳ್ಳುವವರ ಕಣ್ಣು ಮೊದಲು ಹೋಗುವುದೇ ತೂತಿನ ಮೇಲೆ. ಹಾಗಾಗಿ 3 ಮತ್ತು 4 ಮಿಲಿಮೀಟರಿನ ಪಂಚ್‌ಗಳನ್ನು ಅಂಗಡಿಯಿಂದಲೇ ಕೊಂಡುಬಿಡಿ.