ಕೇಬಲ್ ಕಿಟ್: ನಿಪ್ಪಲ್ ಚೆನ್ನಾಗಿದೆ, ಐರನ್ ಸಾಲದು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ಇನ್ನೂ ಓಡುತ್ತಿವೆ. ಹ್ಯಾಂಡಲ್ ಬದಲಿಸಿದ ಗಾಡಿಗಂತೂ ಅಂಗಡಿಯ ಕ್ಲಚ್ ವೈರ್ ಒಂದೋ ಗಿಡ್ಡ, ಇಲ್ಲ ಉದ್ದ. ಅಂಥವರಿಗೆ, ಬೇಕಾದ ಉದ್ದಕ್ಕೆ ವೈರನ್ನು ತಾವೇ ಮಾಡಿಕೊಳ್ಳುವ ಈ ಹೆಸರಿಲ್ಲದ ಕಿಟ್ ನಿಜಕ್ಕೂ ಉಪಯೋಗದ್ದು. ಡಬ್ಬಿಯಲ್ಲಿ ಹಿತ್ತಾಳೆ ನಿಪ್ಪಲ್‌ಗಳು (ವೈರಿನ ತುದಿಗೆ ಬೆಸೆದು ಲಿವರಿನಲ್ಲಿ ಕೂರಿಸುವ ಗುಂಡುಗಳು), 1.5 ಮತ್ತು 2 ಮಿ.ಮೀ. ವೈರ್, 60/40 ಲೆಡ್ (ತವರ-ಸೀಸ ಬೆರೆಸಿದ ಬೆಸುಗೆ ತಂತಿ), ಬೆಸುಗೆ ಹಿಡಿಯಲು ಹಚ್ಚುವ ಪೇಸ್ಟ್, 25 ವ್ಯಾಟ್ ಬೆಸುಗೆ ಐರನ್ ಇವೆ.

ನಿಪ್ಪಲ್ಲಿನ ತೂತು ಒಂದು ಬದಿಯಲ್ಲಿ ಆಲಿಕೆಯಂತೆ ಅಗಲವಾಗಿದೆ. ಹಣ ಕೊಡುವುದು ಇದಕ್ಕೇ. ವೈರಿನ ತುದಿಯನ್ನು ಆ ಬಾಯಿಂದ 3 ಮಿ.ಮೀ. ಹೊರಗೆ ತಂದು, ಎಳೆಗಳನ್ನು ಸೂಜಿಯಲ್ಲಿ ಬಿಡಿಸಿ ಹೂವಿನಂತೆ ಅರಳಿಸಿ, ಹಿಂದಕ್ಕೆ ಎಳೆದು ಕೂರಿಸಬೇಕು. ಅರಳಿದ ಎಳೆಗಳು ಲೆಡ್ಡಿನಲ್ಲಿ ಬೆಣೆಯಂತೆ ಕಚ್ಚಿಕೊಳ್ಳುತ್ತವೆ. ಅರಳಿಸದೆ ನೇರವಾಗಿ ಬೆಸೆದ ವೈರ್ ಒಂದಲ್ಲ ಒಂದು ದಿನ ಜಾರುತ್ತದೆ.

ಐರನ್ ಮಾತ್ರ ಕ್ಲಚ್ ನಿಪ್ಪಲ್ಲಿಗೆ ಸಾಲದು. ಲೆಡ್ 183ರಿಂದ 190 ಡಿಗ್ರಿಯಲ್ಲಿ ಕರಗುತ್ತದೆ, ಆದರೆ ಹಿತ್ತಾಳೆ ಶಾಖವನ್ನೆಲ್ಲ ಹೀರಿ, ಲೆಡ್ ಮೇಲೆ ಗುಂಡಗೆ ನಿಂತುಬಿಡುತ್ತದೆ. ಕನಿಷ್ಠ 60 ವ್ಯಾಟ್‌ನದು ಬೇಕು. ನಿಪ್ಪಲ್ ಕಾಯಿಸಿ, ಲೆಡ್ಡನ್ನು ಐರನ್‌ಗಲ್ಲ, ನಿಪ್ಪಲ್ಲಿಗೇ ಮುಟ್ಟಿಸಿ. ಗ್ಯಾಸ್ ಜ್ವಾಲೆ ಬೇಡವೇ ಬೇಡ: ವೈರ್ ನೀಲಿ ತಿರುಗಿದರೆ ಅದರ ಗಡಸುತನ ಹೋಯಿತೆಂದೇ ಅರ್ಥ. ನಿಪ್ಪಲ್ಲಿನ ಹಿಂದೆ ವೈರಿಗೊಂದು ಲೋಹದ ಕ್ಲಿಪ್ ಹಾಕಿ. ಇಲ್ಲದಿದ್ದರೆ ಲೆಡ್ ಎಳೆಗಳ ನಡುವೆ ಹರಿದು ವೈರ್ ಅಲ್ಲಿ ಕಡ್ಡಿಯಾಗುತ್ತದೆ, ತುಂಡಾಗುವುದೂ ಅಲ್ಲೇ.

ಕಿಟ್‌ನ ಗ್ಯಾಲ್ವನೈಸ್ಡ್ ವೈರಿಗೆ ಪೇಸ್ಟ್ ಸಾಕು. ಸ್ಟೇನ್‌ಲೆಸ್ ವೈರಿಗೆ ಪೇಸ್ಟ್ ಬದಲು ಆಸಿಡ್ ಇರುವ ಫ್ಲಕ್ಸ್ ಬೇಕು. ಅದನ್ನು ಅಡುಗೆ ಸೋಡಾ ನೀರಿನಲ್ಲಿ ತೊಳೆಯದೆ ಬಿಟ್ಟರೆ ಬೆಸೆದ ಜಾಗವನ್ನೇ ತಿನ್ನುತ್ತದೆ.

ಕಿಟ್ ಜೊತೆಗಿನ ಚೀಟಿಯಲ್ಲಿ ಮುಖ್ಯವಾದದ್ದೇ ಇಲ್ಲ. ವೈರ್ ಕತ್ತರಿಸುವ ಮುಂಚೆ ಆ ಜಾಗಕ್ಕೆ ಲೆಡ್ ಹಚ್ಚಿ, ಎಳೆ ಬಿಚ್ಚಿಕೊಳ್ಳುವುದಿಲ್ಲ. ಆಮೇಲೆ ಲೆಡ್ ಹಿಡಿದ ತುದಿಯ ಚೂರನ್ನು ತೆಗೆದು ಅರಳಿಸಿ. ಎರಡನೇ ನಿಪ್ಪಲ್ ಬೆಸೆಯುವ ಮುಂಚೆ ಔಟರ್ (ವೈರಿನ ಹೊರ ಕೊಳವೆ), ಅಡ್ಜಸ್ಟರ್ (ವೈರ್ ಬಿಗಿ ಮಾಡುವ ತಿರುಪು), ತುದಿಯ ಟೋಪಿಗಳು ಎಲ್ಲವೂ ವೈರಿನ ಮೇಲೆ ಇವೆಯೇ ನೋಡಿ. ಒಂದು ಮರೆತರೂ ಮತ್ತೆ ಮೊದಲಿಂದ. ಉದ್ದವನ್ನು ಅಡ್ಜಸ್ಟರ್ ಪೂರ್ತಿ ಒಳಗೆ ತಿರುಗಿಸಿಟ್ಟೇ ಅಳೆಯಿರಿ.

ಪರೀಕ್ಷೆಗೆ, ನಿಪ್ಪಲ್ಲಿನ ಅಂಚಿಗೆ ಸರಿಯಾಗಿ ವೈರಿನ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು, ಲಿವರ್ ಇಪ್ಪತ್ತು ಸಲ ಗಟ್ಟಿಯಾಗಿ ಹಿಡಿಯಿರಿ. ಗೆರೆ ಕೂದಲೆಳೆಯಷ್ಟು ಸರಿದರೂ ಬಿಚ್ಚಿ ಮತ್ತೆ ಮಾಡಿ.

ಕ್ಲಚ್, ಆಕ್ಸಿಲರೇಟರ್ ವೈರಿಗೆ ಧೈರ್ಯವಾಗಿ ಕೊಳ್ಳಬಹುದು. ಮುಂಚಕ್ರದ ಬ್ರೇಕ್ ವೈರನ್ನು ಇದರಲ್ಲಿ ಮಾಡಬೇಡಿ, ಹೊಸದೇ ತನ್ನಿ. ಕೂರಿಸುವಾಗ ನಿಪ್ಪಲ್ಲಿಗೆ ಗ್ರೀಸ್ ಹಚ್ಚಿ. ಲಿವರಿನಲ್ಲಿ ಅದು ತಿರುಗದಿದ್ದರೆ ಪ್ರತಿ ಸಲವೂ ವೈರ್ ಬಾಗಿ ಎಳೆಗಳು ಒಂದೊಂದಾಗಿ ಕಡಿಯುತ್ತವೆ.