ಮದುವೆಯ ವೀಡಿಯೊವನ್ನು ಕಳೆಗುಂದದಂತೆ ಡಿಸ್ಕಿಗೆ ಇಳಿಸುವ ಟಿಎಸ್‌ಮಕ್ಸರ್

ತಂಗಿಯ ಮದುವೆಯ ವೀಡಿಯೊವನ್ನು ಅಂಗಡಿಯೊಂದರಲ್ಲಿ ಡಿವಿಡಿ ಮಾಡಿಸಿದ್ದೆವು. ಅದನ್ನು ಟಿವಿಯಲ್ಲಿ ಹಾಕಿ ನೋಡಿದಾಗ, ಧಾರೆಯ ಹೊತ್ತಿಗೆ ಎಲ್ಲರೂ ಎರಚಿದ ಅಕ್ಷತೆಯ ಕಾಳುಗಳ ಜಾಗದಲ್ಲಿ ಚೌಕುಳಿ ಚೌಕುಳಿಯಾದ ಮಸುಕು ಕಂಡಿತು. ಸೀರೆಯ ಜರಿಯಂಚು ಬರಿಯ ಹಳದಿ ಪಟ್ಟಿಯಾಗಿತ್ತು. ಮೂಲ ಕಡತಗಳು ಹಾರ್ಡ್ ಡಿಸ್ಕಿನಲ್ಲಿ ಉಳಿದಿದ್ದುದು ನಮ್ಮ ಪುಣ್ಯ.

ಬರ್ನ್ ಮಾಡಿದ, ಎಂದರೆ ಡಿಸ್ಕಿಗೆ ಬರೆದ, ಮಾತ್ರಕ್ಕೆ ಚಿತ್ರ ಕೆಡುವುದಿಲ್ಲ. ಅದಕ್ಕೂ ಮೊದಲು ವೀಡಿಯೊವನ್ನು ಬಿಡಿಸಿ ಬೇರೆ ರೂಪದಲ್ಲಿ ಮತ್ತೆ ಅಡಕಗೊಳಿಸುವ ಮರುಸಂಕೇತನದಲ್ಲಿ, ಎಂದರೆ ರೀ-ಎನ್‌ಕೋಡಿಂಗಿನಲ್ಲಿ, ಅದು ಕೆಡುತ್ತದೆ. ಕ್ಯಾಮೆರಾ ಕೊಟ್ಟದ್ದು 1920×1080 ಅಳತೆಯ, ಸೆಕೆಂಡಿಗೆ 17 ಮೆಗಾಬಿಟ್‌ನ ಎಚ್.264 ಎಂಬ ಅಡಕ ವಿಧಾನದ ವೀಡಿಯೊ. ಡಿವಿಡಿಗೆ ಬೇಕಾದದ್ದು 720×576 ಅಳತೆಯ, ಎಂಪೆಗ್-2 ಎಂಬ ಹಳೆಯ ವಿಧಾನದ ವೀಡಿಯೊ. ಅಲ್ಲಿಗೇ ಚಿತ್ರದ ಐದು ಬಿಂದುಗಳಲ್ಲಿ ನಾಲ್ಕು ಹೋದವು. ಮೇಲಾಗಿ 2 ಗಂಟೆ 20 ನಿಮಿಷವನ್ನು 4.7 ಜಿಬಿಯಲ್ಲಿ ತುರುಕಿದರೆ ಸೆಕೆಂಡಿಗೆ ಉಳಿಯುವುದು ಸುಮಾರು ನಾಲ್ಕೂವರೆ ಮೆಗಾಬಿಟ್. ಕ್ಷಣಕ್ಷಣಕ್ಕೂ ಬದಲಾಗುವ ಅಕ್ಷತೆಯಂಥ ದೃಶ್ಯಕ್ಕೆ ಅದು ಏನೇನೂ ಸಾಲದು.

ಉಚಿತವಾಗಿ ಸಿಗುವ ತಂತ್ರಾಂಶವಾದ ಟಿಎಸ್‌ಮಕ್ಸರ್ ಈ ಮರುಸಂಕೇತನದ ಗೊಡವೆಗೇ ಹೋಗುವುದಿಲ್ಲ. ಕ್ಯಾಮೆರಾದ ಎಂಟಿಎಸ್ ಕಡತಗಳನ್ನು ಸಾಲಾಗಿ ಜೋಡಿಸಿ, ಬ್ಲೂ-ರೇ ಐಎಸ್‌ಒ (ಇಡೀ ಬ್ಲೂ-ರೇ ಡಿಸ್ಕಿನ ಒಂದೇ ಕಡತದ ಪ್ರತಿ) ಎಂಬುದನ್ನು ಆರಿಸಿ ಗುಂಡಿ ಒತ್ತಿದರೆ, ಅದು ಚಿತ್ರವನ್ನೂ ಧ್ವನಿಯನ್ನೂ ಇದ್ದಂತೆಯೇ ಎತ್ತಿ ಬ್ಲೂ-ರೇ ಒಪ್ಪುವ ಹೊದಿಕೆಯೊಳಗೆ ಇಡುತ್ತದೆ. ನಮ್ಮ ಇಡೀ ಮದುವೆ ಸುಮಾರು 18 ಜಿಬಿಯಾಯಿತು; 25 ಜಿಬಿಯ ಬಿಡಿ-ಆರ್, ಎಂದರೆ ಒಮ್ಮೆ ಬರೆಯಬಹುದಾದ ಬ್ಲೂ-ರೇ, ಡಿಸ್ಕಿನಲ್ಲಿ ಜಾಗ ಇನ್ನೂ ಉಳಿಯಿತು. ಹೊಸ ಡಿಸ್ಕಿನಲ್ಲಿ ಅಕ್ಷತೆ ಕಾಳುಕಾಳಾಗಿ ಬೀಳುವುದನ್ನೂ, ಅದರಲ್ಲೊಂದು ತಂಗಿಯ ಬಾಸಿಂಗಕ್ಕೆ ಸಿಕ್ಕಿ ನಿಂತದ್ದನ್ನೂ ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಡಿಸ್ಕಿಗೆ ಬರೆಯಲು ಇಮ್ಗ್‌ಬರ್ನ್ ಎಂಬ ಇನ್ನೊಂದು ತಂತ್ರಾಂಶ ಬಳಸಿದೆ. 2013ರ 2.5.8.0 ಆವೃತ್ತಿ ಹಳೆಯದಾದರೂ ಬರೆದದ್ದನ್ನು ಮರಳಿ ಓದಿ ತಾಳೆ ನೋಡುವ ಅದರ ವೆರಿಫೈ ಸೌಲಭ್ಯವನ್ನು ಯಾರೂ ಕೈಬಿಡಬಾರದು. ನನ್ನ ಮೊದಲ ಡಿಸ್ಕಿನ ದೋಷ ಗೊತ್ತಾದದ್ದು ಅದರಿಂದಲೇ. 4ಎಕ್ಸ್ ವೇಗದಲ್ಲಿ ಬರೆಯಲು ಹದಿನೇಳು ನಿಮಿಷದ ಆಸುಪಾಸು ಹಿಡಿಯಿತು.

ಇದಕ್ಕೆ ಬ್ಲೂ-ರೇ ರೈಟರ್ ಬೇಕೇ ಬೇಕು. ಅದಿಲ್ಲದವರು ಟಿಎಸ್‌ಮಕ್ಸರಿನ ಎವಿಸಿಎಚ್‌ಡಿ ಆಯ್ಕೆಯಿಂದ ಮಾಮೂಲಿ ಡಿವಿಡಿಯಲ್ಲೇ ಸುಮಾರು 36 ನಿಮಿಷದಷ್ಟನ್ನು ಮೂಲ ಗುಣಮಟ್ಟದಲ್ಲಿ ಇಡಬಹುದು. ಆದರೆ ಅಂಥ ಡಿಸ್ಕ್ ಹಳೆಯ ಡಿವಿಡಿ ಪ್ಲೇಯರಿನಲ್ಲಿ ಓಡುವುದಿಲ್ಲ, ಅದನ್ನು ಒಪ್ಪುವ ಬ್ಲೂ-ರೇ ಪ್ಲೇಯರ್ ಬೇಕು. ಮೊಬೈಲಿನಲ್ಲಿ ತೆಗೆದ ಎಚ್.265 ವೀಡಿಯೊ ಸಾಮಾನ್ಯ ಬ್ಲೂ-ರೇ ನಿಯಮಕ್ಕೆ ಹೊಂದುವುದಿಲ್ಲವಾದ್ದರಿಂದ ಅದನ್ನು ಕಡತವಾಗಿಯೇ ಕಾಪಾಡಿಕೊಳ್ಳುವುದು ಲೇಸು.

ನನಗೆ ಕಂಡ ನಿಜವಾದ ಕೊರತೆ, ಟಿಎಸ್‌ಮಕ್ಸರಿನಲ್ಲಿ ಮೆನು ಮಾಡಲು ಬಾರದಿರುವುದು. ಡಿಸ್ಕ್ ಹಾಕಿದೊಡನೆ ವೀಡಿಯೊ ನೇರವಾಗಿ ಶುರುವಾಗುತ್ತದೆ. ಅಧ್ಯಾಯಗಳ ಸಮಯವನ್ನು ಮಾತ್ರ ನಾವೇ ನಮೂದಿಸಬಹುದಾದ್ದರಿಂದ ಕಾಶಿಯಾತ್ರೆ, ಧಾರೆ, ಸಪ್ತಪದಿ, ಆರತಕ್ಷತೆ ಎಂದು ವಿಂಗಡಿಸಿ, ಯಾವುದಕ್ಕೆ ರಿಮೋಟಿನ ಗುಂಡಿಯನ್ನು ಎಷ್ಟು ಸಲ ಒತ್ತಬೇಕೆಂದು ಚೀಟಿ ಬರೆದು ಡಬ್ಬಿಯೊಳಗೆ ಇಟ್ಟಿದ್ದೇನೆ. ಅಮ್ಮ ಅದನ್ನು ನೋಡಿಕೊಂಡು ತಾವೇ ಹಾಕಿಕೊಳ್ಳುತ್ತಾರೆ.