ಸಾಣಾಪುರದಲ್ಲಿ ‘ಇಂಟರ್‌ನ್ಯಾಷನಲ್ ಎಂಟಿಬಿ ಗೈಡ್ ಕೋರ್ಸ್’ ಅಂತ ಮೆಸೇಜ್ ಬಂದರೆ ರೊಕ್ಕ ಕಟ್ಟಬೇಡಿ

ಸೀಸನ್ ಹತ್ತಿರ ಬಂತು. ಎಂಟಿಬಿ, ಅಂದರೆ ಗುಡ್ಡ, ಬಂಡೆ ಮೇಲೆ ಹೊಡೆಯುವ ಮೌಂಟನ್ ಬೈಕ್ ಸೈಕಲ್, ಅದರ ಗೈಡ್ ಕೋರ್ಸಿನ ಆ ಜಾಹೀರಾತು ಮತ್ತೆ ಓಡಾಡುತ್ತಿದೆ. ನಿನ್ನೆ ನಮ್ಮೂರಿನ ಹುಡುಗನೊಬ್ಬ ಅದನ್ನು ನನಗೇ ಕಳಿಸಿ, ‘ಅಣ್ಣ, ಇದರಲ್ಲಿ ನೀವಿದ್ದೀರಲ್ಲ, ನಾನೂ ಸೇರಲಾ?’ ಅಂತ ಕೇಳಿದ. ತೆಗೆದು ನೋಡಿದರೆ ಹೌದು, ನನ್ನದೇ ಮುಖ. ಕೆಳಗೆ ‘ಈಗ ತಿಂಗಳಿಗೆ 60 ಸಾವಿರ ದುಡಿಯುತ್ತಿದ್ದೇನೆ’ ಅಂತ ನನ್ನ ಹೆಸರಲ್ಲಿ ಬರೆದಿದ್ದಾರೆ. ನಾನು ಆ ಮಾತು ಯಾವತ್ತೂ ಹೇಳಿಲ್ಲ. ಆ ಕೋರ್ಸಿನಿಂದ ನನಗೆ ಒಂದು ರೂಪಾಯಿ ಬಂದಿಲ್ಲ. ಕೈಯಿಂದ ಹೋದದ್ದು 28,500. ಸೇರಬೇಡಿ. ದಯವಿಟ್ಟು ಯಾರೂ ಸೇರಬೇಡಿ.

ಆನೆಗೊಂದಿ ಕಡೆ ನನ್ನದೊಂದು ಸಣ್ಣ ಸೈಕಲ್ ಅಂಗಡಿ ಇದೆ. ರಿಪೇರಿ, ಬಾಡಿಗೆ. ಹಂಪಿ ಎದುರಿನ ನಡುಗಡ್ಡೆ ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳನ್ನು 2020ರಲ್ಲಿ ಕೆಡವಿದ ಮೇಲೆ ಸಾಣಾಪುರ, ಆನೆಗೊಂದಿ ಕಡೆಗೇ ಪ್ರವಾಸಿಗರು ಜಾಸ್ತಿ. ಬಂಡೆ ಹತ್ತುವವರು ಮೊದಲಿನಿಂದ ಬರುತ್ತಿದ್ದರು, ಈಗ ಬಂಡೆ ಮೇಲೆ ಸೈಕಲ್ ಹೊಡೆಯುವವರೂ ಬರುತ್ತಾರೆ. ಅವರು ಮೊದಲು ಕೇಳುವುದೇ ‘ಗೈಡ್ ಇದ್ದಾರಾ, ಸರ್ಟಿಫೈಡಾ?’ ಅಂತ. ದಾರಿ ನನಗೆ ಗೊತ್ತು. ಬಳ್ಳಾರಿ ಜಾಲಿ ಮುಳ್ಳು ಎಲ್ಲಿ ಟೈರ್ ತಿನ್ನುತ್ತದೆ, ಕಾಲುವೆ ಏರಿ ಎಲ್ಲಿ ಕುಸಿದಿದೆ, ಹೊತ್ತು ಮುಳುಗಿದ ಮೇಲೆ ಯಾವ ಗುಡ್ಡದ ಬದಿಗೆ ಚಿರತೆ ಭಯ ಅಂತ ಎಲ್ಲ ಗೊತ್ತು. ಕಾಗದ ಒಂದೇ ಇರಲಿಲ್ಲ. ಹಂಪಿಯಲ್ಲಿ ಸ್ಮಾರಕ ತೋರಿಸುವ ಗೈಡ್‌ಗಳಿಗೆ ಪ್ರವಾಸೋದ್ಯಮ ಇಲಾಖೆಯ ತರಬೇತಿ, ಗುರುತಿನ ಚೀಟಿ ಇದೆ. ಸೈಕಲ್ ಗೈಡ್‌ಗೂ ಅಂಥದ್ದೇ ಒಂದು ಬೇಕು ಅಂತ ಹುಡುಕುತ್ತಿದ್ದೆ. ಆಗ ಇವರ ರೀಲ್ ಕಣ್ಣಿಗೆ ಬಿತ್ತು.

ಎರಡೇ ದಿನದಲ್ಲಿ ಗೈಡ್ ಕಮ್ ಸ್ಕಿಲ್ಸ್ ಕೋಚ್. ಸರ್ಟಿಫಿಕೇಟ್ ಜೀವನಪೂರ್ತಿ ಚಾಲ್ತಿ. ಕೆಲಸ ಗ್ಯಾರಂಟಿ. ‘ಗವರ್ನಮೆಂಟ್ ಅಪ್ರೂವ್ಡ್’. ಬ್ರೋಷರ್ ಮೇಲೆ ಐದು ಬಣ್ಣದ ಪಟ್ಟಿ, ವಿಶ್ವ ಚಾಂಪಿಯನ್ ಸೈಕ್ಲಿಸ್ಟ್‌ಗಳ ಜೆರ್ಸಿ ಮೇಲೆ ಇರುತ್ತದಲ್ಲ, ನೀಲಿ, ಕೆಂಪು, ಕಪ್ಪು, ಹಳದಿ, ಹಸಿರು, ಅದೇ. ಪಕ್ಕದಲ್ಲಿ ಯುಸಿಐ ಲೋಗೊ. ಯುಸಿಐ ಅಂದರೆ ಸ್ವಿಟ್ಜರ್ಲೆಂಡಿನ ಏಗಲ್‌ನಲ್ಲಿರುವ ಸೈಕ್ಲಿಂಗ್‌ನ ಜಾಗತಿಕ ಒಕ್ಕೂಟ, 1900ರಲ್ಲಿ ಶುರುವಾದದ್ದು. ಸೈಕಲ್ ಲೋಕದಲ್ಲಿ ಅದಕ್ಕಿಂತ ದೊಡ್ಡ ಹೆಸರಿಲ್ಲ. ಅದನ್ನು ನೋಡಿದ ಮೇಲೆ ಯಾರಿಗೆ ಅನುಮಾನ ಬರುತ್ತದೆ ಹೇಳಿ. ‘ಇವತ್ತು ರಾತ್ರಿ ಹನ್ನೆರಡರೊಳಗೆ ಕಟ್ಟಿದರೆ 28,500, ನಾಳೆಯಿಂದ 40,000’ ಅಂದರು. ನಮ್ಮವ್ವ ಮಹಿಳಾ ಸಂಘದಲ್ಲಿ ಸಾಲ ತೆಗೆದು ಕೊಟ್ಟಳು. ಆ ಕಂತು ಇನ್ನೂ ಕಟ್ಟುತ್ತಿದ್ದೇವೆ.

ಶನಿವಾರ ಬೆಳಿಗ್ಗೆ ಸಾಣಾಪುರ ಕೆರೆ ಹತ್ತಿರ ಸೇರಿದೆವು. ಸಿಂಧನೂರು, ಕಾರಟಗಿ, ಹೊಸಪೇಟೆ, ಬಳ್ಳಾರಿ ಹುಡುಗರು. ‘ಮಾಸ್ಟರ್ ಕೋಚ್’ ಕಾರಿನಲ್ಲಿ ಬಂದರು. ಅವರ ಸೈಕಲ್ ಇಳಿಸಿಕೊಟ್ಟವನು ನಾನೇ. ಟೈರ್ ಒತ್ತಿ ನೋಡಿದೆ, ಬೆರಳಿಗೆ ಒಂಚೂರೂ ಬಗ್ಗಲಿಲ್ಲ. ರೋಡ್ ಮೇಲೆ ಹೊಡೆಯುವಷ್ಟು ಗಾಳಿ ತುಂಬಿಸಿದ್ದರು. ನಮ್ಮ ಬಂಡೆ ಮೇಲೆ ಆ ಗಾಳಿಗೆ ಚಕ್ರ ಪುಟಿಯುತ್ತದೆ, ಹಿಡಿಯುವುದಿಲ್ಲ. ಗಾಳಿ ಇಳಿಸಬೇಕು ಅನ್ನುವುದು ಬಾಡಿಗೆ ಸೈಕಲ್ ಕೊಡುವ ನನಗೇ ಗೊತ್ತು. ಕೇಳಿದ್ದಕ್ಕೆ ‘ಅದೆಲ್ಲ ಅಡ್ವಾನ್ಸ್ ಟಾಪಿಕ್’ ಅಂದರು.

ಆಮೇಲೆ ಇಳಿಜಾರಿನ ಪಾಠ. ಸೀಟು ಇಳಿಸಿ ಅಂತ ಯಾರಿಗೂ ಹೇಳಲಿಲ್ಲ. ‘ಭಯ ಆದರೆ ಪೂರ್ತಿ ಹಿಂದಕ್ಕೆ ವಾಲಿ, ಸೀಟಿನ ಆಚೆಗೆ ಹೋಗಿ’ ಅಂತ ಒಂದೇ ಮಾತು. ಹಾಗೆ ಹಿಂದಕ್ಕೆ ಜಗ್ಗಿದರೆ ಮುಂದಿನ ಚಕ್ರದ ಮೇಲೆ ಭಾರವೇ ಇರುವುದಿಲ್ಲ. ಹ್ಯಾಂಡಲ್ ತಿರುಗಿಸಿದರೂ ಸೈಕಲ್ ತಿರುಗುವುದಿಲ್ಲ, ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಎರಡೂ ಪೆಡಲ್ ಸಮ ಮಾಡಿ, ಹಿಮ್ಮಡಿ ಇಳಿಸಿ, ಮೊಣಕೈ ಅಗಲಿಸಿ, ಮೈ ಭಾರ ಕಾಲಿನ ಮೇಲೆ ಬಿಟ್ಟು ಸೈಕಲ್ಲಿನ ನಡುಮಧ್ಯೆ ನಿಲ್ಲಬೇಕು. ಬ್ರೇಕ್ ಮೇಲೆ ಒಂದೊಂದೇ ಬೆರಳು. ಈ ವಿದ್ಯೆಯ ಅ ಆ ಇ ಈ ಇದು. ಇದನ್ನೇ ಹೇಳಿಕೊಡದವರು ಕೋಚ್‌ಗಳನ್ನು ತಯಾರು ಮಾಡುತ್ತಿದ್ದಾರೆ.

ಕಾರಟಗಿ ಹುಡುಗ ಅವರು ಹೇಳಿದ ಹಾಗೇ ಮಾಡಿದ. ಮುಂದಿನ ಚಕ್ರ ಜಾರಿತು. ಮೊಣಕೈ ಬಂಡೆಗೆ ಉಜ್ಜಿ ಚರ್ಮ ಎದ್ದು ಬಂತು. ಕೋಚ್ ಕಾರಿನಿಂದ ಫಸ್ಟ್ ಏಡ್ ಬಾಕ್ಸ್ ತಂದರು. ಒಳಗೆ ಬೆರಳಿಗೆ ಅಂಟಿಸುವ ಸಣ್ಣ ಪಟ್ಟಿಗಳು, ಅರ್ಧ ಹಿಂಡಿದ ಮುಲಾಮು, ಅಷ್ಟೇ. ತಲೆಗೆ ಪೆಟ್ಟಾಯಿತಾ, ಕಣ್ಣು ಮಂಜಾಗಿದೆಯಾ ಅಂತ ಒಂದು ಮಾತು ಕೇಳಲಿಲ್ಲ. ನನ್ನ ಕಡೆ ತಿರುಗಿ ‘ನೀವು ಲೋಕಲ್ ಅಲ್ವಾ, ಗಂಗಾವತಿಗೆ ಕರಕೊಂಡು ಹೋಗಿ’ ಅಂದರು. ನನ್ನ ಬೈಕ್, ನನ್ನ ಪೆಟ್ರೋಲ್. ಹುಡುಗನ ಕೈಗೆ ಹೊಲಿಗೆ ಬಿತ್ತು. ಭಾನುವಾರ ಅವನು ಸೈಕಲ್ ಮುಟ್ಟಲೇ ಇಲ್ಲ, ನೆರಳಲ್ಲಿ ಕೂತಿದ್ದ.

ಭಾನುವಾರ ನಮಗಾದರೂ ಏನು ಕಲಿಸಿದರು? ಡ್ರೋನ್ ಹಾರಿಸಿದರು. ಒಂದೇ ಇಳಿಜಾರು ಮತ್ತೆ ಮತ್ತೆ ಇಳಿಸಿದರು, ಗದ್ದೆ ನಡುವೆ ಸಾಲಾಗಿ ಓಡಿಸಿದರು, ನಗಿ ಅಂದರು, ಕೈ ಎತ್ತಿ ಅಂದರು. ದಿನಪೂರ್ತಿ ಅದೇ. ಪರೀಕ್ಷೆ ಯಾವಾಗ ಅಂತ ಕೇಳಿದರೆ ‘ನಾವು ನೋಡ್ತಾನೇ ಇದ್ದೀವಿ, ಅದೇ ಅಸೆಸ್‌ಮೆಂಟ್’.

ಸಂಜೆ ಸರ್ಟಿಫಿಕೇಟ್ ಹಂಚಿದರು. ಕಾರಟಗಿ ಹುಡುಗ ಎಡಗೈಯಲ್ಲಿ ಇಸಕೊಂಡ, ಬಲಗೈಗೆ ಬ್ಯಾಂಡೇಜ್. ಅವನ ಕಾಗದದ ಮೇಲೆ ‘ಡಿಸೆಂಡಿಂಗ್: ಎಕ್ಸಲೆಂಟ್’ ಅಂತ ಅಚ್ಚಾಗಿತ್ತು. ನನ್ನದರ ಮೇಲೂ ಎಕ್ಸಲೆಂಟ್. ಎಲ್ಲರದ್ದೂ ಎಕ್ಸಲೆಂಟ್. ಮೇಜಿನ ಮೇಲೆ ಇನ್ನೊಂದು ಉಳಿದಿತ್ತು, ರೊಕ್ಕ ಕಟ್ಟಿ ಬರದೇ ಹೋದ ಒಬ್ಬರದ್ದು. ಅದರ ಮೇಲೂ ಎಕ್ಸಲೆಂಟ್! ಶನಿವಾರ ನಾವು ಸೈಕಲ್ ಹತ್ತುವ ಮೊದಲೇ ಇವೆಲ್ಲ ಅಚ್ಚಾಗಿ ಆ ಕಾರಿನಲ್ಲಿ ಇದ್ದವು. ಆ ಕ್ಷಣ ಮೈಯೆಲ್ಲ ಉರಿದುಹೋಯಿತು. ಆದರೂ ಜನರೆದುರು ಏನು ಮಾಡುವುದು, ಫೋಟೋಗೆ ನಿಂತೆ. ಮನೆಗೆ ಹೋದರೆ ನಮ್ಮವ್ವ ಓಣಿಗೆಲ್ಲ ಪೇಡಾ ಹಂಚಿದ್ದಳು. ಅಪ್ಪ ಫ್ರೇಮ್ ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದರು.

ಪೂರ್ತಿ ಬಣ್ಣ ಬಯಲಾಗಿದ್ದು ಬೆಂಗಳೂರಿನ ಒಂದು ಟೂರ್ ಕಂಪನಿ ಫೋನ್ ಮಾಡಿದಾಗ. ಕೆಲಸಕ್ಕೆ ಅರ್ಜಿ ಹಾಕಿದ್ದೆ. ಆಕೆ ಬಹಳ ಮರ್ಯಾದೆಯಿಂದಲೇ ಕೇಳಿದಳು. ಯಾವ ಸಂಸ್ಥೆ, ಯಾವ ಲೆವೆಲ್? ಯಾವ ಮಟ್ಟದ ದಾರಿಯವರೆಗೆ ಜನರನ್ನು ಕರೆದೊಯ್ಯಬಹುದು? ಫಸ್ಟ್ ಏಡ್ ಎಷ್ಟು ಗಂಟೆಯದ್ದು? ಗುಂಪು ನಡೆಸಿದ ಲಾಗ್‌ಬುಕ್ ಇದೆಯಾ? ನನ್ನ ಹತ್ತಿರ ಒಂದಕ್ಕೂ ಉತ್ತರ ಇಲ್ಲ. ಸರ್ಟಿಫಿಕೇಟ್ ಮೇಲಿನ ಕ್ಯೂಆರ್ ಕೋಡ್ ನೋಡಿ ಅಂದೆ. ಅವಳು ಸ್ಕ್ಯಾನ್ ಮಾಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರ್, ಇದು ಅವರ ಇನ್‌ಸ್ಟಾಗ್ರಾಂ ಪೇಜಿಗೆ ಹೋಗುತ್ತಿದೆ’ ಅಂದಳು. ಅಂಗಡಿ ಮುಂದೆ ಗಿರಾಕಿಗಳು ನಿಂತಿದ್ದರು. ತಲೆ ಎತ್ತಲು ಆಗಲಿಲ್ಲ.

ಅವತ್ತೇ ಇವರಿಗೆ ಮೆಸೇಜ್ ಮಾಡಿದೆ. ಉತ್ತರಗಳನ್ನು ಹಾಗೇ ಹಾಕುತ್ತೇನೆ, ಓದಿ.

‘ಇದು ಯಾವ ಸಂಸ್ಥೆಯ ಲೆವೆಲ್?’ ‘ನಮ್ಮದೇ ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ಸರ್.’

‘ಯುಸಿಐ ಲೋಗೊ ಹಾಕಿದ್ದಿರಲ್ಲ?’ ‘ಅದು ಡಿಸೈನರ್ ಹಾಕಿದ್ದು ಸರ್.’

‘ಸರ್ಕಾರದ ಮಾನ್ಯತೆ ಎಲ್ಲಿ?’ ‘ನಾವು ಎಂಎಸ್ಎಂಇ ರಿಜಿಸ್ಟರ್ಡ್, ಐಎಸ್ಒ 9001 ಕಂಪನಿ.’

ಇದನ್ನು ಎಲ್ಲರೂ ತಿಳಿದುಕೊಳ್ಳಿ. ಎಂಎಸ್ಎಂಇ ಅಂದರೆ ಸಣ್ಣ ಉದ್ದಿಮೆ. ಅದಕ್ಕೆ ಮಾಡಿಸುವ ಉದ್ಯಮ್ ನೋಂದಣಿಯನ್ನು ಆಧಾರ್ ನಂಬರ್ ಕೊಟ್ಟು ಆನ್‌ಲೈನ್‌ನಲ್ಲಿ ಪುಕ್ಕಟೆ ಮಾಡಿಸಬಹುದು. ನನ್ನ ಪಂಚರ್ ಅಂಗಡಿಗೂ ಸಿಗುತ್ತದೆ. ಐಎಸ್ಒ 9001 ಅಂದರೆ ಕಂಪನಿಯ ಗುಣಮಟ್ಟ ನಿರ್ವಹಣೆಯ ವ್ಯವಸ್ಥೆಗೆ ಸಂಬಂಧಪಟ್ಟದ್ದು. ಇವೆರಡರಲ್ಲಿ ಯಾವುದೂ ಕೋರ್ಸಿಗೆ ಕೊಟ್ಟ ಮಾನ್ಯತೆ ಅಲ್ಲ. ‘ಗವರ್ನಮೆಂಟ್ ಅಪ್ರೂವ್ಡ್’ ಅಂತ ದೊಡ್ಡ ಅಕ್ಷರದಲ್ಲಿ ಬರೆದದ್ದು ಇದರ ಮೇಲೆ!

‘ಫಸ್ಟ್ ಏಡ್ ಯಾಕೆ ಕಲಿಸಲಿಲ್ಲ?’ ‘ಅದು ಲೆವೆಲ್ ಟೂ ಸರ್, 18,000. ನೀವು ನಮ್ಮ ಹಳೇ ವಿದ್ಯಾರ್ಥಿ, ನಿಮಗೆ 15,000ಕ್ಕೆ ಮಾಡ್ತೀವಿ.’

‘ರೊಕ್ಕ ವಾಪಸ್ ಕೊಡಿ.’ ‘ಕೋರ್ಸ್ ಮುಗಿದಿದೆ, ಸರ್ಟಿಫಿಕೇಟ್ ಕೊಟ್ಟಿದ್ದೀವಿ. ಫೋಟೋದಲ್ಲಿ ನೀವೇ ನಗ್ತಾ ಇದ್ದೀರಲ್ಲ ಸರ್, ಆಗ ಖುಷಿ ಇತ್ತು, ಈಗ ಏನಾಯ್ತು?’

ಆ ಮೆಸೇಜ್ ಓದಿದರೆ ಈಗಲೂ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ನಗಿ ಅಂತ ನಿಲ್ಲಿಸಿದವರು ಅವರು. ಆ ನಗುವನ್ನೇ ಸಾಕ್ಷಿ ಮಾಡಿಕೊಂಡರು. ಕೊನೆಗೆ ‘ನೆಗೆಟಿವ್ ಪೋಸ್ಟ್ ಹಾಕಿದರೆ ಲೀಗಲ್ ನೋಟಿಸ್ ಬರುತ್ತೆ’ ಅಂತ ಹೇಳಿ ಬ್ಲಾಕ್ ಮಾಡಿದರು. ಬ್ಲಾಕ್ ಮಾಡಿ ನನ್ನ ಮುಖವನ್ನೇ ಜಾಹೀರಾತಿಗೆ ಹಾಕಿಕೊಂಡಿದ್ದಾರೆ.

ಆಮೇಲೆ ನಾನೇ ಕೂತು ಹುಡುಕಿದೆ. ನಿಜವಾದ ವ್ಯವಸ್ಥೆ ಹೇಗಿದೆ ಅಂತ ಹೇಳುತ್ತೇನೆ. ಗೈಡ್ ಕೆಲಸ ಬೇರೆ, ಕೋಚ್ ಕೆಲಸ ಬೇರೆ. ಗೈಡ್ ಗುಂಪನ್ನು ಸುರಕ್ಷಿತವಾಗಿ ಕರೆದೊಯ್ದು ವಾಪಸ್ ತರಬೇಕು: ದಾರಿ, ಹವೆ, ನೀರು, ರಿಪೇರಿ, ಅಪಘಾತ ಎಲ್ಲ ಅವನ ತಲೆ ಮೇಲೆ. ಕೋಚ್ ಸವಾರಿ ಕಲಿಸಬೇಕು, ತಪ್ಪು ಎಲ್ಲಿದೆ ಅಂತ ನೋಡಿ ತಿದ್ದಬೇಕು. ಮೌಂಟನ್ ಬೈಕ್ ಕಲಿಸುವವರನ್ನು ತಯಾರು ಮಾಡುವ, ಕೆನಡಾ ಮೂಲದ ಪಿಎಂಬಿಐಎ ಅಂತ ಒಂದು ಸಂಸ್ಥೆ ಇದೆ, ಅನೇಕ ದೇಶಗಳಲ್ಲಿ ಅದರ ಕೋರ್ಸ್ ನಡೆಯುತ್ತದೆ. ಅದರ ಲೆವೆಲ್ ಒಂದೇ ಮೂರು ದಿನ. ದಾರಿ ಎಷ್ಟು ಕಠಿಣ ಅಂತ ಬಣ್ಣದಲ್ಲಿ ಗುರುತಿಸುತ್ತಾರೆ. ಅಷ್ಟು ಮಾಡಿದರೂ ಹಸಿರು ಮತ್ತು ಸುಲಭದ ನೀಲಿ ದಾರಿಗಳಲ್ಲಿ ಹೊಸಬರಿಗೆ ಕಲಿಸಲು ಮಾತ್ರ ಅವಕಾಶ. ಕೆಂಪು, ಕಪ್ಪು ದಾರಿಗಳು ಅದಕ್ಕಿಂತ ಕಠಿಣ, ಅವಕ್ಕೆ ಮುಂದಿನ ಲೆವೆಲ್ ಬೇಕು. ಅಲ್ಲಿ ಫೇಲ್ ಕೂಡ ಮಾಡುತ್ತಾರೆ. ಸದಸ್ಯತ್ವವನ್ನು ವರ್ಷ ವರ್ಷ ನವೀಕರಿಸಬೇಕು, ಫಸ್ಟ್ ಏಡ್ ಚಾಲ್ತಿಯಲ್ಲಿರಬೇಕು. ಜೀವನಪೂರ್ತಿ ಚಾಲ್ತಿ ಅನ್ನುವ ಮಾತೇ ಇಲ್ಲ.

ಫಸ್ಟ್ ಏಡ್ ಬಗ್ಗೆ ಇನ್ನೊಂದು ಮಾತು, ಯಾಕೆಂದರೆ ಆ ಹುಡುಗನ ಕೈ ನನ್ನ ಕಣ್ಣ ಮುಂದೆಯೇ ಇದೆ. ಆಸ್ಪತ್ರೆ ದೂರ ಇರುವ ಜಾಗಗಳಿಗೆಂದೇ ವೈಲ್ಡರ್‌ನೆಸ್ ಫಸ್ಟ್ ಏಡ್ ಅಂತ ಬೇರೆ ತರಬೇತಿ ಇದೆ. ಸಣ್ಣದು ಸುಮಾರು 16 ಗಂಟೆ, ದೊಡ್ಡದು 70-80 ಗಂಟೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ನಮ್ಮ ಗುಡ್ಡದಲ್ಲಿ ಯಾರಾದರೂ ಬಿದ್ದರೆ ಆಂಬುಲೆನ್ಸ್ ಬಂಡೆ ತನಕ ಬರುವುದಿಲ್ಲ. ಗೈಡ್ ಆಗಬೇಕು ಅನ್ನುವವರು ಮೊದಲ ರೊಕ್ಕ ಇದಕ್ಕೆ ಹಾಕಿ. ನಮ್ಮ ರಾಜ್ಯ ಸರ್ಕಾರದ್ದೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದ್ದು. ಸಾಹಸ ತರಬೇತಿಗೆ ಮೊದಲು ಅಲ್ಲಿ ವಿಚಾರಿಸಿ. ಇಲ್ಲೇ ಪಕ್ಕದ ಗದಗದಲ್ಲಿ 2021ರಲ್ಲಿ ರಾಷ್ಟ್ರಮಟ್ಟದ ಎಂಟಿಬಿ ಚಾಂಪಿಯನ್‌ಶಿಪ್ ನಡೆದಿದೆ. ಈ ಭಾಗದಲ್ಲಿ ಸೈಕಲ್ ಬಲ್ಲವರಿಗೆ ಬರ ಇಲ್ಲ. ಅಂಥವರನ್ನು ಒಂದು ಮಾತು ಕೇಳಿ, ಆಮೇಲೆ ರೊಕ್ಕದ ಮಾತು.

ಯಾರೇ ಕೋರ್ಸ್ ಅಂತ ಬಂದರೂ ಸಂಸ್ಥೆಯ ಹೆಸರು ಇಸಕೊಳ್ಳಿ. ಆ ಸಂಸ್ಥೆಗೆ ನೇರವಾಗಿ ಬರೆದು, ಈ ಮನುಷ್ಯ ನಿಮ್ಮವನಾ ಅಂತ ಕೇಳಿ. ಇವರು ಕೊಟ್ಟ ಲಿಂಕ್ ಒತ್ತಬೇಡಿ, ನೀವೇ ಹುಡುಕಿ. ರಾತ್ರಿ ಹನ್ನೆರಡರೊಳಗೆ ಕಟ್ಟಿ ಅಂದರೆ ಫೋನ್ ಇಟ್ಟುಬಿಡಿ. ಫೇಲ್ ಆದವರು ಎಷ್ಟು ಮಂದಿ ಅಂತ ಕೇಳಿ, ಯಾರೂ ಇಲ್ಲ ಅಂದರೆ ಅಲ್ಲಿಗೆ ಮುಗೀತು.

ನಾನು ಫ್ರೇಮ್ ಇಳಿಸಿದ್ದೇನೆ, ಬೋರ್ಡ್ ಮೇಲಿನ ‘ಸರ್ಟಿಫೈಡ್’ ಅಳಿಸಿದ್ದೇನೆ. 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಿದ್ದೇನೆ. ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತಿದ್ದೇನೆ. 2019ರ ಕಾಯ್ದೆ ಪ್ರಕಾರ ಕಂಪನಿ ಎಲ್ಲಿದ್ದರೂ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಕಟ್ಟಿದ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆ ಬ್ಯಾಚಿನಲ್ಲಿದ್ದ ಸಿಂಧನೂರು, ಹೊಸಪೇಟೆ, ಬಳ್ಳಾರಿ ಗೆಳೆಯರೇ, ರೊಕ್ಕ ಕಟ್ಟಿದ ಸ್ಕ್ರೀನ್‌ಶಾಟ್, ಬ್ರೋಷರ್, ಅವರ ಮೆಸೇಜ್ ಯಾವುದನ್ನೂ ಡಿಲೀಟ್ ಮಾಡಬೇಡಿ. ನಾಚಿಕೆ ಪಟ್ಟುಕೊಂಡು ಸುಮ್ನೆ ಕೂರಬೇಡಿ. ನನಗೆ ಕಳಿಸಿ, ಎಲ್ಲ ಸೇರಿಸಿ ಆಯೋಗಕ್ಕೆ ಕೊಡೋಣ. ಕಾರಟಗಿ ಹುಡುಗ ಆಗಲೇ ಆಸ್ಪತ್ರೆ ಬಿಲ್ ಕಳಿಸಿದ್ದಾನೆ.